ಕೊನೆಯ ಎರಡು ವೋಲ್ಟು: ವಾಲ್ವ್ ಡ್ಯಾಕ್ ಕೊಳ್ಳಬೇಕೇ?

ಗಲ್ಫಿಗೆ ಹೋದವರು ಎಂಬತ್ತು, ತೊಂಬತ್ತರ ದಶಕಗಳಲ್ಲಿ ರಜೆಗೆ ಬರುವಾಗ ತಂದ ಆಂಪ್ಲಿಫೈಯರ್‌ಗಳು, ಮರದ ಪೆಟ್ಟಿಗೆಯ ಸ್ಪೀಕರ್‌ಗಳು ನಮ್ಮ ಬಂಟ್ವಾಳ ತಾಲೂಕಿನ ಮೆಲ್ಕಾರ್, ಪಾಣೆಮಂಗಳೂರು, ಕಲ್ಲಡ್ಕ ಕಡೆಯ ಎಷ್ಟೋ ಮನೆಗಳ ಚಾವಡಿಯಲ್ಲಿ ಇನ್ನೂ ಗಟ್ಟಿಮುಟ್ಟಾಗಿವೆ. ಕೆಟ್ಟುಹೋದದ್ದು ಅವುಗಳ ಜೊತೆ ಬಂದ ಕ್ಯಾಸೆಟ್ ಡೆಕ್ಕಿನ ಬೆಲ್ಟು, ಸಿಡಿ ಪ್ಲೇಯರಿನ ಲೆನ್ಸು. ಹಾಡು ಈಗ ಫೋನಿಗೆ ಬಂದಿದೆ. ಹಲವು ಹೊಸ ಫೋನುಗಳಲ್ಲಿ ಇಯರ್‌ಫೋನ್ ಸಿಕ್ಕಿಸುವ ತೂತೇ ಇಲ್ಲ. ಹಾಗಾಗಿ ಹಳೆಯ ಸ್ಟೀರಿಯೋವನ್ನು ಮತ್ತೆ ಹಾಡಿಸಬೇಕೆಂದರೆ ನಡುವೆ ಒಂದು ಪೆಟ್ಟಿಗೆ ಬೇಕು. ಫೋನಿನಿಂದಲೋ ಕಂಪ್ಯೂಟರಿನಿಂದಲೋ ಬರುವ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿಸಿ ಆಂಪ್ಲಿಫೈಯರಿನ ಆಕ್ಸ್ ಕಿಂಡಿಗೆ ಕೊಡುವ ಈ ಪೆಟ್ಟಿಗೆಯೇ ಡ್ಯಾಕ್.

ಹುಡುಕಲು ಕೂತವರ ಎದುರು ಎರಡು ಬಗೆಯ ಡ್ಯಾಕ್ ಬರುತ್ತದೆ. ಒಂದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಒಳಗೆ ಚಿಪ್ಪುಗಳಷ್ಟೇ ಇರುತ್ತವೆ, ಬೆಲೆಯೂ ಕೈಗೆಟಕುತ್ತದೆ. ಇನ್ನೊಂದರ ಮೇಲೆ ಒಂದೆರಡು ಗಾಜಿನ ವಾಲ್ವುಗಳು ನಸುಗೆಂಪಾಗಿ ಉರಿಯುತ್ತಿರುತ್ತವೆ, ಬೆಲೆ ಹಲವು ಪಟ್ಟು. ವಾಲ್ವ್ ಇದ್ದರೆ ದನಿ ಬೆಚ್ಚಗಿರುತ್ತದೆ, ಡಿಜಿಟಲ್‌ನ ಒರಟುತನ ಹೋಗುತ್ತದೆ ಎಂದು ಒಂದು ಪಕ್ಷ. ಅದು ಹಣ ಕೊಟ್ಟು ಕೊಳ್ಳುವ ದೋಷ ಎಂದು ಇನ್ನೊಂದು ಪಕ್ಷ. ಎರಡೂ ಕಡೆ ನಿಜವಾಗಿ ಸಂಗೀತ ಕೇಳುವವರೇ ಇದ್ದಾರೆ. ಅವರವರ ಮಾತಿನಲ್ಲಿ ಎಷ್ಟು ತೂಕವಿದೆ, ನಮ್ಮ ಕಡೆಯ ಮಳೆ, ಸಿಡಿಲು, ಕರೆಂಟಿನ ನಡುವೆ ಆ ತೂಕ ಹೇಗೆ ಬದಲಾಗುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ವಾಲ್ವ್ ಇರುವುದೆಲ್ಲಿ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ವಾಲ್ವ್ ಡ್ಯಾಕ್ ಎಂದು ಮಾರುವ ಪೆಟ್ಟಿಗೆಯಲ್ಲಿ ಅಂಕಿಯನ್ನು ಅಲೆಯಾಗಿಸುವ ಕೆಲಸವನ್ನು ವಾಲ್ವ್ ಮಾಡುವುದಿಲ್ಲ. ಅದನ್ನು ಮಾಡುವುದು ಚಿಪ್ಪೇ. ಅಮೆರಿಕದ ಇಎಸ್‌ಎಸ್, ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್, ಜಪಾನಿನ ಎಕೆಎಂ ಮೊದಲಾದ ಕಂಪನಿಗಳ ಚಿಪ್ಪುಗಳು ಎರಡೂ ಬಗೆಯ ಡ್ಯಾಕ್‌ಗಳಲ್ಲಿ ಕೂತಿರುತ್ತವೆ. ಕೆಲವು ತಯಾರಕರು ಚಿಪ್ಪಿನ ಬದಲು ರೆಸಿಸ್ಟರುಗಳ ಏಣಿ ಕಟ್ಟುತ್ತಾರೆ. ಅಲ್ಲಿಯೂ ವಾಲ್ವಿಗೆ ಆ ಕೆಲಸವಿಲ್ಲ. ಅಲೆ ಹುಟ್ಟಿದ ಮೇಲೆ ಅದನ್ನು ಆಂಪ್ಲಿಫೈಯರಿಗೆ ದಾಟಿಸುವ ಕೊನೆಯ ಹಂತದಲ್ಲಷ್ಟೇ ವಾಲ್ವ್ ಬರುತ್ತದೆ. ಸಿಡಿ ಪ್ಲೇಯರುಗಳ ಕಾಲದಿಂದ ಈ ಹಂತದ ಗರಿಷ್ಠ ಮಟ್ಟ ಸುಮಾರು 2 ವೋಲ್ಟ್ ಎಂದು ರೂಢಿಯಾಗಿದೆ. ಚರ್ಚೆಯೆಲ್ಲ ಈ ಕೊನೆಯ ಎರಡು ವೋಲ್ಟಿನದು.

ಈ ಜಾಗಕ್ಕೆ ವಾಲ್ವ್ ಬಂದದ್ದಕ್ಕೆ ಒಂದು ಚರಿತ್ರೆಯಿದೆ. 1982ರ ಅಕ್ಟೋಬರಿನಲ್ಲಿ ಸೋನಿಯ ಮೊದಲ ಸಿಡಿ ಪ್ಲೇಯರ್ ಸಿಡಿಪಿ-101 ಜಪಾನಿನ ಮಾರುಕಟ್ಟೆಗೆ ಬಂತು. ಅದರಲ್ಲಿ ಎಡ, ಬಲ ಎರಡೂ ದಾರಿಗಳಿಗೆ ಸೇರಿ ಇದ್ದದ್ದು ಒಂದೇ ಪರಿವರ್ತಕ. ಅದೇ ಕಾಲದ ಫಿಲಿಪ್ಸ್ ಪ್ಲೇಯರುಗಳಲ್ಲಿ 16 ಬಿಟ್ಟಿನ ಸಿಡಿಯನ್ನು 14 ಬಿಟ್ಟಿನ ಚಿಪ್ಪು ಓದುತ್ತಿತ್ತು. ಸ್ವರದ ಮೇಲ್ತುದಿಯನ್ನು ಕಡಿದಾಗಿ ಕತ್ತರಿಸುವ ಫಿಲ್ಟರುಗಳು, ಎಲ್‌ಪಿಗೆಂದು ತಯಾರಿಸಿದ ಟೇಪುಗಳನ್ನೇ ಸಿಡಿಗೆ ಇಳಿಸುವ ಅವಸರ ಇವೆಲ್ಲ ಸೇರಿದ್ದವು. ಆಗಿನ ಸಿಡಿ ಕಿವಿಗೆ ಚುಚ್ಚುತ್ತದೆ ಎಂದವರ ಮಾತು ಬರೀ ಭ್ರಮೆಯಲ್ಲ. ಆ ಹೊತ್ತಿನಲ್ಲಿ ಕ್ಯಾಲಿಫೋರ್ನಿಯಾ ಆಡಿಯೋ ಲ್ಯಾಬ್ಸ್‌ನಂಥವರು ಸಿಡಿ ಪ್ಲೇಯರಿನ ಕೊನೆಯ ಹಂತಕ್ಕೆ ವಾಲ್ವ್ ತಂದರು. ಒರಟುತನಕ್ಕೆ ಅದು ಅಂದಿನ ಮದ್ದು. ಅಲ್ಲಿಂದೀಚಿನ ನಾಲ್ಕು ದಶಕಗಳಲ್ಲಿ ಚಿಪ್ಪುಗಳು ಎಷ್ಟು ಸುಧಾರಿಸಿವೆಯೆಂದರೆ, ಸಾಧಾರಣ ಬೆಲೆಯ ಡ್ಯಾಕ್‌ಗಳಲ್ಲೂ ದೋಷ 0.001 ಶೇಕಡಾದ ಆಸುಪಾಸಿಗೆ, ಅಂದರೆ ಮೂಲ ಸ್ವರಕ್ಕಿಂತ 100 ಡೆಸಿಬೆಲ್ ಕೆಳಗೆ ಇಳಿದಿದೆ. ಸಿಡಿಯ 16 ಬಿಟ್ಟಿನ ಒಟ್ಟು ವ್ಯಾಪ್ತಿಯೇ ಸುಮಾರು 96 ಡೆಸಿಬೆಲ್. ರೋಗ ಬಹುಪಾಲು ವಾಸಿಯಾಗಿದೆ, ಮದ್ದು ಮಾತ್ರ ಉಳಿದುಕೊಂಡಿದೆ ಎಂಬುದು ಚಿಪ್ಪಿನ ಪಕ್ಷದ ಮೊದಲ ವಾದ. ಅದನ್ನು ಸುಲಭಕ್ಕೆ ತಳ್ಳಿಹಾಕಲಾಗದು.

ವಾಲ್ವ್ ಪಕ್ಷದ ಬಲ

ಆದರೂ ವಾಲ್ವ್ ಇಷ್ಟಪಡುವವರ ಕಿವಿಯನ್ನು ಗೌರವಿಸಲು ಕಾರಣವಿದೆ. ಅದನ್ನು ಶ್ರುತಿಯ ಭಾಷೆಯಲ್ಲೇ ಹೇಳಬಹುದು.

ಯಾವ ಉಪಕರಣವೂ ಒಂದು ಸ್ವರವನ್ನು ದಾಟಿಸುವಾಗ ಅದಕ್ಕೆ ಅಷ್ಟಿಷ್ಟು ಉಪಸ್ವರಗಳನ್ನು ಸೇರಿಸುತ್ತದೆ. ಷಡ್ಜ ನುಡಿಸಿದರೆ ಎರಡನೆಯ ಉಪಸ್ವರ ಮೇಲಿನ ಸ್ಥಾಯಿಯ ಷಡ್ಜ. ಮೂರನೆಯದು ಅದೇ ಸ್ಥಾಯಿಯ ಪಂಚಮ. ಐದನೆಯದು ಇನ್ನೂ ಮೇಲಿನ ಅಂತರ ಗಾಂಧಾರ, ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರ ಅದೇ. ಏಳನೆಯದರಿಂದ ಮೇಲೆ ಕೆಲವು ನಮ್ಮ ಸ್ವರಸ್ಥಾನಗಳಿಗೆ ಕೂರುವುದಿಲ್ಲ, ಕಿವಿಗೆ ಕರಕರ ಅನಿಸುತ್ತವೆ. ಸರಳವಾಗಿ ಕಟ್ಟಿದ ಟ್ರಯೋಡ್ ವಾಲ್ವಿನ ಹಂತ ಸೇರಿಸುವುದು ಹೆಚ್ಚಾಗಿ ಎರಡನೆಯದನ್ನು, ಅಂದರೆ ಷಡ್ಜಕ್ಕೆ ಷಡ್ಜವನ್ನೇ. ಮೇಲಿನವು ಬೇಗ ಕರಗುತ್ತವೆ. ಆದ್ದರಿಂದಲೇ ಆ ಸೇರ್ಪಡೆ ದೋಷದಂತೆ ಕೇಳದೆ ದನಿ ತುಂಬಿಕೊಂಡಂತೆ ಕೇಳುತ್ತದೆ.

ಎರಡು ಸ್ವರಗಳು ಒಟ್ಟಿಗೆ ಬಂದಾಗ ಇನ್ನೊಂದು ಸಂಗತಿಯಿದೆ. ವಾಲ್ವಿನ ಇದೇ ಗುಣ ಅವೆರಡರ ಮೊತ್ತವನ್ನೂ ವ್ಯತ್ಯಾಸವನ್ನೂ ಹುಟ್ಟಿಸುತ್ತದೆ. ಷಡ್ಜ 240 ಹರ್ಟ್ಸ್, ಪಂಚಮ 360 ಹರ್ಟ್ಸ್ ಎಂದುಕೊಳ್ಳಿ. ವ್ಯತ್ಯಾಸ 120, ಅದು ಮಂದ್ರ ಷಡ್ಜ. ಮೊತ್ತ 600, ಅದು ತಾರ ಸ್ಥಾಯಿಯ ಅಂತರ ಗಾಂಧಾರ. ಶ್ರುತಿಗೆ ಸೇರಿದ ಸ್ವರಗಳಿಂದ ಶ್ರುತಿಗೆ ಸೇರಿದ ಸ್ವರಗಳೇ ಹುಟ್ಟುತ್ತವೆ. ಒಂದು ದನಿ, ಒಂದು ಶ್ರುತಿ, ಜೊತೆಗೊಂದು ವಾದ್ಯ ಇರುವ ನಮ್ಮ ಸಂಗೀತಕ್ಕೆ ವಾಲ್ವ್ ಒಗ್ಗುತ್ತದೆ ಎಂಬ ಮಾತಿಗೆ ಭೌತಶಾಸ್ತ್ರದ ಆಧಾರ ಇಷ್ಟಾದರೂ ಇದೆ.

ಇದನ್ನು ಪರೀಕ್ಷಿಸಲು ನಮ್ಮ ತಾಲೂಕಿನವರದೇ ಧ್ವನಿಮುದ್ರಣಗಳಿವೆ. ಕದ್ರಿ ಗೋಪಾಲನಾಥರು ಹುಟ್ಟಿದ್ದು 1949ರಲ್ಲಿ, ಇದೇ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ. ತಂದೆ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಅವರು, ಗಮಕಕ್ಕೆ ಒಲ್ಲದ ಆ ವಾದ್ಯವನ್ನು ವರ್ಷಾನುಗಟ್ಟಲೆ ಪಳಗಿಸಿ ಕರ್ನಾಟಕ ಸಂಗೀತಕ್ಕೆ ತಂದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಛೇರಿಯಲ್ಲಿ ನುಡಿಸಿದರು. ಸ್ಯಾಕ್ಸೊಫೋನಿನ ಕೊಳವೆ ತುದಿಗೆ ಅಗಲವಾಗುತ್ತಾ ಹೋಗುವುದರಿಂದ ಅದರ ದನಿಯಲ್ಲಿ ಸಮ, ಬೆಸ ಉಪಸ್ವರಗಳೆರಡೂ ಧಾರಾಳವಾಗಿರುತ್ತವೆ. ತೊಂಬತ್ತರ ದಶಕದ ಕೆಲವು ಕ್ಯಾಸೆಟ್, ಸಿಡಿಗಳಲ್ಲಿ ಆ ದನಿಯ ಮೇಲ್ತುದಿ ತುಸು ಹರಿತವಾಗಿಯೇ ದಾಖಲಾಗಿದೆ. ಕೇಳಿಸುವಷ್ಟು ಎರಡನೆಯ ಉಪಸ್ವರ ಸೇರಿಸುವ ವಾಲ್ವ್ ಹಂತದ ಮೂಲಕ ಅದನ್ನು ಕೇಳಿದರೆ ಉಸಿರು ಹತ್ತಿರ ಬಂದಂತೆ, ಲೋಹದ ಅಂಚು ಸವೆದಂತೆ ಅನಿಸುವುದು ಸಹಜ. ಇದನ್ನು ಕೇಳಿ ಸಂತೋಷಪಟ್ಟವರಿಗೆ ನಿಮ್ಮದು ತಪ್ಪು ಸಂತೋಷ ಎನ್ನಲು ಯಾರಿಗೂ ಅಧಿಕಾರವಿಲ್ಲ.

ವಾಲ್ವ್ ಪಕ್ಷದ ಇನ್ನೊಂದು ಬಲ ದುರಸ್ತಿಗೆ ಸಂಬಂಧಿಸಿದ್ದು. ವಾಲ್ವ್ ಸಾಕೆಟ್ಟಿನಲ್ಲಿ ಕೂತಿರುತ್ತದೆ. ಸೋತರೆ ಕಿತ್ತು ಬೇರೆಯದು ಹಾಕಬಹುದು. 12ಎಯು7, 6ಡಿಜೆ8ನಂಥ ವಾಲ್ವುಗಳು ಅರ್ಧ ಶತಮಾನಕ್ಕಿಂತ ಹಳೆಯ ವಿನ್ಯಾಸಗಳು, ಇವತ್ತಿಗೂ ಸ್ಲೊವಾಕಿಯ, ರಷ್ಯ, ಚೀನಾಗಳಲ್ಲಿ ತಯಾರಾಗುತ್ತಿವೆ. ನಮ್ಮ ರಾಜ್ಯಕ್ಕೂ ಈ ವಿದ್ಯೆ ಹೊಸದಲ್ಲ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರು ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭಿಸಿತ್ತು. ಅಲ್ಲಿಂದ ಹೊರಬಂದ ಇಸಿಸಿ83, ಇಎಲ್84 ವಾಲ್ವುಗಳನ್ನು ಹೊರದೇಶಗಳ ಹವ್ಯಾಸಿಗಳು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಎದುರಿಗೆ, ಅಂಗೈ ಅಗಲದ ಚಿಪ್ ಡ್ಯಾಕ್ ಕೆಟ್ಟರೆ ನಮ್ಮ ಕಡೆ ಅದನ್ನು ಬಿಚ್ಚಿ ಸರಿಮಾಡುವವರು ಸಿಗುವುದು ಕಷ್ಟ. ಬಿಸಾಡಿ ಹೊಸದು ತರುವುದೇ ದಾರಿ.

ಚಿಪ್ ಪಕ್ಷದ ಬಲ

ಈಗ ಇದೇ ಶ್ರುತಿಯ ಲೆಕ್ಕವನ್ನು ಯಕ್ಷಗಾನಕ್ಕೆ ಹಚ್ಚಿ ನೋಡೋಣ. ಭಾಗವತರ ಪದ ಒಂದೇ ಇದ್ದಾಗ ಎಲ್ಲವೂ ಸರಿ. ಚೆಂಡೆ, ಮದ್ದಳೆ, ಚಕ್ರತಾಳ ಒಟ್ಟಿಗೆ ಏರಿದಾಗ ಕಥೆ ಬೇರೆ. ಚಕ್ರತಾಳದ ಕಂಚಿನ ದನಿಯಲ್ಲಿ ಶ್ರುತಿಗೆ ಸೇರದ ನೂರಾರು ಸ್ವರಗಳಿರುತ್ತವೆ. ಚೆಂಡೆಯ ಪೆಟ್ಟಿನಲ್ಲಿಯೂ ಹಾಗೆಯೇ. ಇವುಗಳ ಮೊತ್ತ, ವ್ಯತ್ಯಾಸಗಳು ಯಾವ ಸ್ವರಸ್ಥಾನಕ್ಕೂ ಬೀಳುವುದಿಲ್ಲ. ಒಂಟಿ ದನಿಯನ್ನು ತುಂಬಿಸಿದ ಗುಣವೇ ತುಂಬಿದ ಮೇಳದಲ್ಲಿ ಮಸುಕಾಗುತ್ತದೆ. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕಾದ ಏರುಪದದಲ್ಲಿ ಅಂಚುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಡು ಯಾವುದೇ ಇರಲಿ, ವಾಲ್ವ್ ಹಚ್ಚುವ ಬಣ್ಣ ಒಂದೇ ಎಂಬುದು ಚಿಪ್ ಪಕ್ಷದ ಮುಖ್ಯ ಆಕ್ಷೇಪ. ನನ್ನ ದೃಷ್ಟಿಯಲ್ಲಿ ಅದೇ ಅವರ ಅತಿ ಗಟ್ಟಿ ವಾದ ಕೂಡ.

ಎರಡನೆಯ ವಾದ ಇದಕ್ಕಿಂತ ಸೂಕ್ಷ್ಮ. ಚೆನ್ನಾಗಿ ಕಟ್ಟಿದ ವಾಲ್ವ್ ಹಂತದಲ್ಲಿ ಎರಡನೆಯ ಉಪಸ್ವರ 0.1 ಶೇಕಡಾ, ಅಂದರೆ 60 ಡೆಸಿಬೆಲ್ ಕೆಳಗೆ ಇರಬಹುದು. ಅಷ್ಟು ಚಿಕ್ಕ ದನಿಯನ್ನು ಮೂಲ ಸ್ವರವೇ ಮುಚ್ಚಿಬಿಡುತ್ತದೆ, ಹೆಚ್ಚಿನ ಕಿವಿಗಳಿಗೆ ಅದು ಕೇಳದು. ಒಂದು ಶೇಕಡಾಕ್ಕೆ ಏರಿದರೆ 40 ಡೆಸಿಬೆಲ್ ಕೆಳಗೆ, ಆಗ ಕೇಳುವ ಸಾಧ್ಯತೆಯಿದೆ. ಹಾಗಾದರೆ ಒಳ್ಳೆಯ ವಾಲ್ವ್ ಡ್ಯಾಕ್ ಚಿಪ್ ಡ್ಯಾಕ್‌ನಂತೆಯೇ ಕೇಳುತ್ತದೆ, ಬೇರೆಯಾಗಿ ಕೇಳುವುದು ಅಳತೆಯಲ್ಲಿ ಹಿಂದೆ ಬಿದ್ದದ್ದು ಮಾತ್ರ. ಕೇಳದಿದ್ದರೆ ಹೆಚ್ಚಿನ ಹಣ ಯಾಕೆ, ಕೇಳಿದರೆ ಎಲ್ಲ ಹಾಡಿನ ಮೇಲೂ ಅದೇ ಲೇಪ ಯಾಕೆ ಎಂಬ ಈ ಇಕ್ಕಟ್ಟಿಗೆ ವಾಲ್ವ್ ಪಕ್ಷದವರು ಪೂರ್ತಿ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ.

ಮೂರನೆಯದು ಮಾರುಕಟ್ಟೆಯದು. ಅಗ್ಗದ ಹಲವು ವಾಲ್ವ್ ಡ್ಯಾಕ್‌ಗಳಲ್ಲಿ ವಾಲ್ವಿಗೆ ಕೊಡುವುದು 12 ಅಥವಾ 24 ವೋಲ್ಟ್. 12ಎಯು7ನಂಥ ವಾಲ್ವ್ ಹದವಾಗಿ ಕೆಲಸ ಮಾಡಲು ನೂರರಿಂದ ಇನ್ನೂರೈವತ್ತು ವೋಲ್ಟ್ ಬೇಕು. ಹಸಿದ ವಾಲ್ವಿನ ಹಿಂದೆ ಮುಂದೆ ಆಪ್‌ಆಂಪ್ ಚಿಪ್ಪು ದುಡಿಯುತ್ತಿರುತ್ತದೆ. ವಾಲ್ವಿನ ಬುಡದಲ್ಲಿ ಕಿತ್ತಳೆ ಎಲ್‌ಇಡಿ ಇಟ್ಟು ಬೆಳಗಿಸಿರುತ್ತಾರೆ. ಇಂಥದ್ದಕ್ಕೆ ಹಣ ಸುರಿಯುವ ಬದಲು ನೇರ ಚಿಪ್ ಡ್ಯಾಕ್ ಕೊಳ್ಳುವುದೇ ಲೇಸು ಎಂಬಲ್ಲಿ ಎರಡೂ ಪಕ್ಷದವರು ಒಂದಾಗುತ್ತಾರೆ.

ಎರಡೂ ಕಡೆಯವರು ಎತ್ತುವ ಸಾಕ್ಷಿಗಳು

ಐವತ್ತು ವರ್ಷಗಳಿಂದ ಈ ವಾದದಲ್ಲಿ ಬರುವ ಒಂದು ಲೇಖನವಿದೆ. ಅಮೆರಿಕದ ರಸೆಲ್ ಹ್ಯಾಮ್ 1973ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ನಿಯತಕಾಲಿಕದಲ್ಲಿ ವಾಲ್ವ್, ಟ್ರಾನ್ಸಿಸ್ಟರುಗಳ ನಡುವೆ ಕೇಳುವ ವ್ಯತ್ಯಾಸವಿದೆಯೇ ಎಂದು ಕೇಳಿ, ಇದೆ ಎಂದು ತೋರಿಸಿದ್ದರು. ವಾಲ್ವಿನಲ್ಲಿ ಎರಡನೆಯ ಉಪಸ್ವರದ್ದು ಮೇಲುಗೈ, ಟ್ರಾನ್ಸಿಸ್ಟರಿನಲ್ಲಿ ಮೂರನೆಯದರದ್ದು ಎಂಬ ಜನಜನಿತ ಮಾತಿಗೆ ಬಲ ಬಂದದ್ದು ಆ ಲೇಖನದಿಂದ. ಆದರೆ ಅವರು ಅಳೆದದ್ದು ಸ್ಟುಡಿಯೋದ ಮೈಕ್ ಪ್ರಿಆಂಪ್ಲಿಫೈಯರುಗಳನ್ನು, ಅದೂ ಮಿತಿ ಮೀರಿ ದನಿ ನುಗ್ಗಿದಾಗ. ಮನೆಯ ಡ್ಯಾಕ್‌ನ ಕೊನೆಯ ಹಂತ ಎಂದೂ ಆ ಮಿತಿಗೆ ಹೋಗುವುದಿಲ್ಲ, ಅಂಕಿಗಳಿಗೆ ಒಂದು ನಿಶ್ಚಿತ ಮೇಲ್ಮಿತಿ ಇದೆ. ವಾಲ್ವಿನ ಪರವಾಗಿ ಈ ಲೇಖನವನ್ನು ಎತ್ತುವಾಗ ಇದನ್ನೂ ಹೇಳುವುದು ನ್ಯಾಯ.

ಇನ್ನೊಂದು 1985ರದು. ಅಮೆರಿಕದ ಎಂಜಿನಿಯರ್ ಬಾಬ್ ಕಾರ್ವರ್, ದುಬಾರಿ ವಾಲ್ವ್ ಆಂಪ್ಲಿಫೈಯರಿನ ದನಿಯನ್ನು ತನ್ನ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ತರಬಲ್ಲೆ ಎಂದು ಸ್ಟೀರಿಯೋಫೈಲ್ ಪತ್ರಿಕೆಯವರ ಮುಂದೆ ಪಣ ಹೂಡಿದರು. ಎರಡರ ದನಿಯನ್ನು ಒಂದರಿಂದ ಇನ್ನೊಂದು ಕಳೆದು, ಉಳಿಕೆ ಅತಿ ಸಣ್ಣದಾಗುವವರೆಗೆ ತಮ್ಮದನ್ನು ತಿದ್ದಿದರು. ಕೊನೆಗೆ ಪತ್ರಿಕೆಯ ಕೇಳುಗರಿಗೆ ಎರಡನ್ನೂ ಬೇರ್ಪಡಿಸಿ ಗುರುತಿಸಲಾಗಲಿಲ್ಲ. ಇದರಿಂದ ವಾಲ್ವಿನ ದನಿ ಬರೀ ಕಲ್ಪನೆಯಲ್ಲ, ನಕಲು ಮಾಡಲು ಅಲ್ಲಿ ಏನೋ ಇತ್ತು ಎಂದಾಯಿತು. ಅದನ್ನು ಪಡೆಯಲು ವಾಲ್ವೇ ಬೇಕೆಂದಿಲ್ಲ ಎಂದೂ ಆಯಿತು. ಎರಡು ಪಕ್ಷಗಳಿಗೂ ಅರ್ಧರ್ಧ ಗೆಲುವು ಕೊಟ್ಟ ಪ್ರಯೋಗ ಅದು.

ಇಲ್ಲಿ ನಮ್ಮ ಹಳೆಯ ಆಂಪ್ಲಿಫೈಯರಿನ ಬಗ್ಗೆಯೂ ಒಂದು ಮಾತು. ಅದರ ಮುಂಭಾಗದಲ್ಲಿ ಬಾಸ್, ಟ್ರೆಬಲ್ ತಿರುಗುಣಿಗಳಿವೆ. ವಾಲ್ವಿನಿಂದ ಸಿಗುತ್ತದೆ ಎನ್ನುವ ಬೆಚ್ಚನೆಯ ದನಿಯಲ್ಲಿ ಒಂದು ಪಾಲು ಮೇಲ್ತುದಿ ತುಸು ಇಳಿದದ್ದರ ಫಲ. ಟ್ರೆಬಲ್ಲನ್ನು ಒಂದು ಗೆರೆ ಹಿಂದಕ್ಕೆ ತಿರುಗಿಸಿ ಒಂದು ವಾರ ಕೇಳಿ ನೋಡಲು ಖರ್ಚಿಲ್ಲ. ಅಷ್ಟರಲ್ಲೇ ತೃಪ್ತಿ ಸಿಕ್ಕರೆ ಬೇಕಾಗಿದ್ದದ್ದು ವಾಲ್ವ್ ಅಲ್ಲ ಎಂದು ತಿಳಿಯುತ್ತದೆ. ಸಿಗದಿದ್ದರೆ ಹುಡುಕಾಟಕ್ಕೆ ಅರ್ಥವಿದೆ.

ಮಳೆ, ಸಿಡಿಲು, ಕರೆಂಟು

ಪುಸ್ತಕದ ವಾದಗಳು ಯಾವ ಊರಿಗೂ ಒಂದೇ. ಮೆಲ್ಕಾರಿನ ಮನೆಗೆ ತರುವಾಗ ಬೇರೆ ಕೆಲವು ಲೆಕ್ಕ ಸೇರುತ್ತವೆ.

ಮೊದಲನೆಯದು ಕಾಲಮಾನ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯ ತನಕ ಬಯಲಾಟಗಳಿಲ್ಲ. ಮನೆಯಲ್ಲಿ ಕೂತು ಹಳೆಯ ಆಟ, ತಾಳಮದ್ದಳೆಗಳ ಧ್ವನಿಮುದ್ರಣ ಕೇಳುವ ಕಾಲ ಅದೇ. ಹಂಚಿನ ಮೇಲೆ ಸುರಿಯುವ ಆಟಿಯ ಮಳೆಯ ಸದ್ದಿನಲ್ಲಿ ಮಾತ್ರ 60 ಡೆಸಿಬೆಲ್ ಕೆಳಗಿನ ಉಪಸ್ವರವನ್ನು ಯಾವ ಕಿವಿಯೂ ಹಿಡಿಯಲಾರದು. ಟೆರೇಸ್ ಮನೆಯಾದರೆ ಮಳೆಯ ಸದ್ದು ಕಡಿಮೆ, ಆದರೆ ಟೈಲ್ಸ್ ನೆಲ, ಬೋಳು ಗೋಡೆಗಳ ಪ್ರತಿಧ್ವನಿ ಹೆಚ್ಚು. ರಾಷ್ಟ್ರೀಯ ಹೆದ್ದಾರಿ 75ರ ಬದಿಯ ಮನೆಯಾದರೆ ಲಾರಿಗಳ ಸದ್ದು ನಡುರಾತ್ರಿಯೂ ನಿಲ್ಲದು. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ, ಸ್ಪೀಕರನ್ನು ಗೋಡೆಯಿಂದ ಎರಡು ಅಡಿ ಮುಂದೆ ತರುವುದು ಇವು ತರುವ ವ್ಯತ್ಯಾಸ ಯಾವ ಡ್ಯಾಕ್ ಬದಲಾವಣೆಗಿಂತಲೂ ದೊಡ್ಡದು. ಇದನ್ನು ಎರಡೂ ಪಕ್ಷದ ಅನುಭವಸ್ಥರು ಒಪ್ಪುತ್ತಾರೆ.

ಎರಡನೆಯದು ವೋಲ್ಟೇಜ್. ವಾಲ್ವಿನ ಹೀಟರಿಗೆ 6.3 ವೋಲ್ಟ್ ಬೇಕು, ಹತ್ತು ಶೇಕಡಾ ಆಚೀಚೆ ಆಗಬಹುದು. ಬೇಸಿಗೆಯಲ್ಲಿ ಅಡಿಕೆ ತೋಟಗಳ ಪಂಪುಗಳು ಒಟ್ಟಿಗೆ ಓಡುವ ಹೊತ್ತಿಗೆ ಲೈನಿನ 230 ವೋಲ್ಟ್ 180ಕ್ಕೆ ಇಳಿದರೆ, ನಿಯಂತ್ರಕವಿಲ್ಲದ ಪೆಟ್ಟಿಗೆಯಲ್ಲಿ ಹೀಟರಿಗೆ ಸಿಗುವುದು 5 ವೋಲ್ಟಿಗೂ ಕಡಿಮೆ. ದನಿ ಸೊರಗುತ್ತದೆ, ವಾಲ್ವಿನ ಆಯುಷ್ಯವೂ ಕುಗ್ಗುತ್ತದೆ. ಇನ್ವರ್ಟರ್ ಹಳೆಯ ಚೌಕ ಅಲೆಯದ್ದಾದರೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ. ಯುಎಸ್‌ಬಿಯಿಂದಲೇ ನಡೆಯುವ ಚಿಪ್ ಡ್ಯಾಕ್‌ಗೆ ಎರಡು ಮೂರು ವ್ಯಾಟ್ ಸಾಕು, ಅದನ್ನು ಪವರ್ ಬ್ಯಾಂಕಿನಿಂದಲೂ ನಡೆಸಬಹುದು. ಈ ವಿಷಯದಲ್ಲಿ ಚಿಪ್ಪಿನ ಕಡೆಯ ತಟ್ಟೆ ಸ್ಪಷ್ಟವಾಗಿ ತಗ್ಗುತ್ತದೆ.

ಮೂರನೆಯದು ಸಿಡಿಲು. ಎಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ಗುಡುಗು ಕೇಳಿದೊಡನೆ ಪ್ಲಗ್ ಕೀಳುವುದು ನಮ್ಮ ಮನೆಗಳ ಅಭ್ಯಾಸ. ಲೈನಿಗೆ ಅಂಟಿಕೊಂಡ ಯಾವ ಉಪಕರಣಕ್ಕೂ ಅಪಾಯ ಒಂದೇ, ಆದರೆ ದುಬಾರಿಯದ್ದು ಸುಟ್ಟರೆ ನಷ್ಟ ಹೆಚ್ಚು. ಮುರಕಲ್ಲಿನ ನೆಲ ಬೇಸಿಗೆಗೆ ಒಣಗಿದಾಗ ಅರ್ತಿಂಗ್ ದುರ್ಬಲವಾಗುತ್ತದೆ. ಅರ್ತ್ ಗುಂಡಿಗೆ ನೀರು ಹಾಕುತ್ತಾ ಇರಬೇಕು. ಅರ್ತ್ ಸರಿಯಿಲ್ಲದ ಮನೆಯಲ್ಲಿ ಗುಂಯ್ ಎನ್ನುವ ಸದ್ದು ಸ್ಪೀಕರಿಗೂ ಬರಬಹುದು. ಇದಕ್ಕಿಂತ ಮುಖ್ಯ, ಒಳಗೆ ನೂರಾರು ವೋಲ್ಟ್ ಇರುವ ಪೆಟ್ಟಿಗೆಗೆ ಅರ್ತ್ ಇಲ್ಲದಿರುವುದು ಜೀವಕ್ಕೆ ಅಪಾಯ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಆ ವೋಲ್ಟೇಜ್ ಸ್ವಲ್ಪ ಹೊತ್ತು ಉಳಿದಿರುತ್ತದೆ, ಮುಚ್ಚಳ ಬಿಚ್ಚುವ ಸಾಹಸ ಬೇಡ.

ನಾಲ್ಕನೆಯದು ತೇವ. ಇಲ್ಲಿ ವಾಲ್ವಿಗೆ ಒಂದು ಅನುಕೂಲ, ಒಂದು ಅನನುಕೂಲ. ಅದರ ಬಿಸಿ ಪೆಟ್ಟಿಗೆಯ ಒಳಭಾಗವನ್ನು ಒಣಗಿಸಿಡುತ್ತದೆ, ದಿನವೂ ಹಚ್ಚುವ ಮನೆಯಲ್ಲಿ ಬೂಸಲು ಹಿಡಿಯುವುದು ಕಡಿಮೆ. ತಿಂಗಳುಗಟ್ಟಲೆ ಹಚ್ಚದಿದ್ದರೆ ಮಾತ್ರ ಸಾಕೆಟ್ಟಿನ ಹಿಡಿಗಳಿಗೆ ಕಿಲುಬು ಕೂತು ಕರಕರ ಸದ್ದು ಶುರುವಾಗುತ್ತದೆ. ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸುವುದು ವಾಲ್ವ್ ಇಟ್ಟುಕೊಂಡವರ ಕೆಲಸಗಳಲ್ಲೊಂದು.

ಆಯುಷ್ಯದ ಲೆಕ್ಕವನ್ನೂ ನೋಡೋಣ. ಈ ಬಗೆಯ ಚಿಕ್ಕ ವಾಲ್ವುಗಳಿಗೆ ಐದು ಸಾವಿರದಿಂದ ಹತ್ತು ಸಾವಿರ ಗಂಟೆ ಎಂದು ಹೇಳುವುದು ರೂಢಿ. ದಿನಕ್ಕೆ ನಾಲ್ಕು ಗಂಟೆ ಹಚ್ಚಿದರೆ ಐದು ಸಾವಿರ ಗಂಟೆ ಮುಗಿಯಲು ಸುಮಾರು ಮೂರೂವರೆ ವರ್ಷ. ಬದಲಿ ವಾಲ್ವ್ ಹೆಚ್ಚಾಗಿ ಹೊರದೇಶದಿಂದಲೇ ಬರಬೇಕು, ಸುಂಕ, ಸಾಗಾಟ, ಗಾಜು ಒಡೆಯುವ ಭಯ ಎಲ್ಲವೂ ಅದರ ಜೊತೆಗಿದೆ. 2022ರಲ್ಲಿ ರಷ್ಯದಿಂದ ವಾಲ್ವುಗಳ ರಫ್ತು ಕೆಲಕಾಲ ನಿಂತಾಗ ಜಗತ್ತಿನೆಲ್ಲೆಡೆ ಕೊರತೆಯ ಆತಂಕ ಹಬ್ಬಿತ್ತು. ಡ್ಯಾಕ್ ಕೊಳ್ಳುವಾಗಲೇ ಒಂದು ಜೊತೆ ಹೆಚ್ಚುವರಿ ವಾಲ್ವ್ ತರಿಸಿಡುವುದು ಜಾಣತನ. ಅದನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಕೊಳ್ಳುವ ಮುಂಚೆ ಕೇಳಬೇಕಾದ್ದು

ವಾಲ್ವ್ ಡ್ಯಾಕ್ ಕಡೆಗೆ ಮನಸ್ಸು ವಾಲಿದವರು ಮಾರುವವರಿಗೆ ಕೆಲವು ಪ್ರಶ್ನೆ ಹಾಕಲೇಬೇಕು. ವಾಲ್ವಿಗೆ ಎಷ್ಟು ವೋಲ್ಟ್ ಕೊಡಲಾಗಿದೆ? ಹೀಟರಿಗೆ ನಿಯಂತ್ರಿತ ಡಿಸಿ ಇದೆಯೇ? ವಾಲ್ವ್ ಸಾಕೆಟ್ಟಿನಲ್ಲಿದೆಯೇ, ಬೆಸುಗೆ ಹಾಕಲಾಗಿದೆಯೇ? ಹಚ್ಚುವಾಗ, ಆರಿಸುವಾಗ ಸ್ಪೀಕರಿಗೆ ಧಬ್ ಎಂದು ಬಡಿಯದಂತೆ ತಡೆಯುವ ರಿಲೇ ಇದೆಯೇ? ಪೆಟ್ಟಿಗೆ 230 ವೋಲ್ಟಿನದೇ, 110ರದೇ?

ಹೊರಬರುವ ದಾರಿಯ ಕೆಪಾಸಿಟರ್ ಎಷ್ಟು ಎಂಬುದೂ ಮುಖ್ಯ. ವಾಲ್ವ್ ಹಂತದ ತುದಿಯಲ್ಲಿ ಡಿಸಿಯನ್ನು ತಡೆಯುವ ಕೆಪಾಸಿಟರ್ ಇರಲೇಬೇಕು. ಅದು 0.47 ಮೈಕ್ರೊಫ್ಯಾರಡ್ ಇದ್ದು, ಆಂಪ್ಲಿಫೈಯರಿನ ಪ್ರವೇಶ 47 ಕಿಲೋ ಓಮ್ ಇದ್ದರೆ ತಗ್ಗಿನ ಸ್ವರಗಳು 7 ಹರ್ಟ್ಸ್ ತನಕ ಇಳಿಯುತ್ತವೆ, ಚಿಂತೆಯಿಲ್ಲ. ಹಳೆಯ ಗಲ್ಫ್ ಸೆಟ್ಟುಗಳು ಹೆಚ್ಚಾಗಿ ಈ ಬಗೆಯವು. ಈಗಿನ ಕೆಲವು ಪುಟ್ಟ ಆಂಪ್ಲಿಫೈಯರುಗಳ ಪ್ರವೇಶ 10 ಕಿಲೋ ಓಮ್ ಮಾತ್ರ. ಅಲ್ಲಿ ಅದೇ ಡ್ಯಾಕ್ 34 ಹರ್ಟ್ಸ್‌ನಲ್ಲೇ ಸೊರಗಲು ತೊಡಗುತ್ತದೆ, ಮದ್ದಳೆಯ ಎಡದ ಗುಂಕಿ ತೆಳ್ಳಗಾಗಬಹುದು. ಒಬ್ಬರ ಮನೆಯಲ್ಲಿ ಚೆನ್ನಾಗಿ ಕೇಳಿದ ವಾಲ್ವ್ ಡ್ಯಾಕ್ ಇನ್ನೊಬ್ಬರ ಮನೆಯಲ್ಲಿ ಸಪ್ಪೆಯಾಗುವುದಕ್ಕೆ ಇಂಥ ಕಾರಣಗಳಿರುತ್ತವೆ.

ಎರಡನ್ನೂ ಹೋಲಿಸಿ ಕೇಳುವ ಅವಕಾಶ ಸಿಕ್ಕರೆ ದನಿಯ ಮಟ್ಟ ಒಂದೇ ಇರಬೇಕು. ಒಂದು 2 ವೋಲ್ಟ್, ಇನ್ನೊಂದು 2.5 ವೋಲ್ಟ್ ಕೊಟ್ಟರೆ ಸುಮಾರು 2 ಡೆಸಿಬೆಲ್ ವ್ಯತ್ಯಾಸ. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. 100 ಹರ್ಟ್ಸ್ ಸ್ವರವೊಂದನ್ನು ನುಡಿಸಿ, ಸ್ಪೀಕರಿನ ತುದಿಗಳಲ್ಲಿ ಮಲ್ಟಿಮೀಟರನ್ನು ಎಸಿಯಲ್ಲಿಟ್ಟು ನೋಡಿ, ಎರಡೂ ಒಂದು ಶೇಕಡಾದೊಳಗೆ ಬರುವಂತೆ ವಾಲ್ಯೂಮ್ ಹೊಂದಿಸಿ. ಆಮೇಲೆ ಯಾವುದು ಓಡುತ್ತಿದೆ ಎಂದು ನಿಮಗೆ ಹೇಳದೆ ಮನೆಯವರೊಬ್ಬರು ಬದಲಾಯಿಸುತ್ತಿರಲಿ. ಗೋಪಾಲನಾಥರ ಒಂದು ಆಲಾಪನೆ, ಒಂದು ಏರುಪದ, ಒಂದು ಹಳೆಯ ಚಿತ್ರಗೀತೆ, ಈ ಮೂರನ್ನು ಹೀಗೆ ಕೇಳಿದರೆ ಮಾರುವವರ ಮಾತಿಗಿಂತ ಹೆಚ್ಚು ತಿಳಿಯುತ್ತದೆ. ಎರಡರ ನಡುವೆ ವ್ಯತ್ಯಾಸ ಕೇಳದಿದ್ದರೆ ಅದನ್ನೂ ಫಲಿತಾಂಶವೆಂದೇ ಒಪ್ಪಬೇಕು.

ನನ್ನ ತೀರ್ಮಾನ

ವಾಲ್ವ್ ಡ್ಯಾಕ್ ಡಿಜಿಟಲ್‌ನ ದೋಷವನ್ನು ಸರಿಪಡಿಸುವುದಿಲ್ಲ. ಸರಿಪಡಿಸಲು ಅಲ್ಲಿ ಈಗ ಹೆಚ್ಚೇನೂ ಉಳಿದಿಲ್ಲ. ಯೂಟ್ಯೂಬಿಗೆ ಏರಿಸಿದ ಹಳೆಯ ಆಟದ ಕ್ಯಾಸೆಟ್ ಒರಟಾಗಿ ಕೇಳಿದರೆ ಆ ಒರಟುತನ ಮೈಕಿನಲ್ಲಿ, ಟೇಪಿನಲ್ಲಿ, ಏರಿಸುವಾಗಿನ ಒತ್ತಡದಲ್ಲಿ ಸೇರಿದ್ದು. ವಾಲ್ವ್ ಅದನ್ನು ತೆಗೆಯಲಾರದು, ಅದರ ಮೇಲೆ ಇನ್ನೊಂದು ಪದರ ಹಚ್ಚಬಲ್ಲದು. ಆ ಪದರ ಇಷ್ಟವಾಗುವುದು ತಪ್ಪಲ್ಲ. ಅರವತ್ತರ ದಶಕದ ಬಹಳಷ್ಟು ಹಾಡುಗಳು ವಾಲ್ವ್ ಉಪಕರಣಗಳ ಮೂಲಕವೇ ಮುದ್ರಣಗೊಂಡವು, ವಾಲ್ವ್ ರೇಡಿಯೋಗಳಲ್ಲಿ ಕೇಳಿಬಂದವು. ಆ ದನಿಯೊಂದಿಗೆ ಬೆಳೆದವರಿಗೆ ಅದೇ ಬೇಕೆನಿಸುವುದು ನ್ಯಾಯವಾದ ಆಸೆ. ಮುದ್ರಣದಲ್ಲಿ ಆಗಲೇ ಇರುವ ಬಣ್ಣ ಸಾಕು, ಅದನ್ನು ಇದ್ದಂತೆಯೇ ಕೇಳೋಣ ಎನ್ನುವವರದ್ದೂ ಅಷ್ಟೇ ನ್ಯಾಯ.

ಆದ್ದರಿಂದ ನಾನು ಹೇಳುವ ಕ್ರಮ ಇದು. ಹಳೆಯ ಸ್ಟೀರಿಯೋ ಇರುವ ಮನೆಗೆ ಮೊದಲು ಒಂದು ಸರಳ, ನಂಬಿಕೆಯ ಚಿಪ್ ಡ್ಯಾಕ್ ಬರಲಿ. ಉಳಿದ ಹಣದಲ್ಲಿ ಅರ್ತಿಂಗ್ ಸರಿಯಾಗಲಿ, ಸ್ಪೀಕರಿನ ಸವೆದ ರಬ್ಬರ್ ಅಂಚು ಬದಲಾಗಲಿ, ಕೋಣೆಗೆ ಪರದೆ ಬೀಳಲಿ. ಒಂದು ಮಳೆಗಾಲ, ಒಂದು ಬೇಸಿಗೆ ಹಾಗೆ ಕೇಳಿ. ಆಮೇಲೂ ವಾಲ್ವಿನ ದನಿ ಬೇಕೆನಿಸಿದರೆ, ಡ್ಯಾಕ್ ಬದಲಿಸದೆ, ಅದರ ಮತ್ತು ಆಂಪ್ಲಿಫೈಯರಿನ ನಡುವೆ ಕೂರುವ ಪ್ರತ್ಯೇಕ ವಾಲ್ವ್ ಬಫರ್ ತನ್ನಿ. ಹದವಾದ ವೋಲ್ಟೇಜಿನಲ್ಲಿ ನಡೆಯುವ, ಬೇಡವಾದಾಗ ಸ್ವಿಚ್ಚಿನಿಂದ ದಾಟಿಹೋಗಬಹುದಾದ ಬಫರ್ ಅದಾಗಿರಲಿ. ಚಿಪ್ಪುಗಳು, ಫೋನಿನ ಕಿಂಡಿಗಳು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ. ಬಫರ್ ಬೇರೆಯಾಗಿದ್ದರೆ ಡ್ಯಾಕ್ ಬದಲಾದರೂ ವಾಲ್ವಿಗೆ ಹಾಕಿದ ಹಣ ಉಳಿಯುತ್ತದೆ. ಭಾಗವತರ ಒಂಟಿ ದನಿಗೆ, ಸ್ಯಾಕ್ಸೊಫೋನಿನ ಆಲಾಪನೆಗೆ ಅದು ಇರಲಿ. ಚೆಂಡೆ ಏರಿದಾಗ, ಸಿಡಿಲು ಬಂದಾಗ, ಕರೆಂಟು ಇಳಿದಾಗ ಅದು ಬದಿಗೆ ಸರಿಯಲಿ. ಎರಡು ಪಕ್ಷಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂಬ ಕಟ್ಟುಪಾಡು ಹಾಡು ಕೇಳುವವರಿಗೆ ಇಲ್ಲ. ಯಾವಾಗ ಯಾವುದು ಬೇಕೆಂದು ತೀರ್ಮಾನಿಸುವ ಸ್ವಿಚ್ಚು ಅವರ ಕೈಯಲ್ಲಿದ್ದರೆ ಸಾಕು.